ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಕೂತ ಆಸಾಡಿ

೨೦೦೫ರ ಜುಲೈ ತಿಂಗಳ ಮೊದಲ ವಾರ, ಬೆಳಿಗ್ಗೆ ಒಲೆಯಿಂದ ಗಂಜಿ ಇಳಿಸಿದ ಮೇಲೆ, ಗಂಗೊಳ್ಳಿಯ ನಮ್ಮ ಮನೆಯ ಹಿತ್ತಿಲಿನಲ್ಲಿ, ಬಾವಿಕಟ್ಟೆಗೆ ಹೊಟ್ಟೆ ತಾಗಿಸಿ ನಾನು ನಿಂತಿದ್ದೆ. ಕೈಯಲ್ಲಿ ಹಗ್ಗವಿತ್ತು. ಹಗ್ಗದ ತುದಿಯಲ್ಲಿ ಕೊಡಪಾನವಿತ್ತು. ಅದನ್ನು ಇಳಿಸುತ್ತಿದ್ದೇನೋ ಎಳೆಯುತ್ತಿದ್ದೇನೋ ನನಗೆ ಗೊತ್ತಾಗಲಿಲ್ಲ. ಯಾವುದನ್ನು ಮಾಡಿದರೂ ಒಂದೇ ಎಂದು ಕೈಗೆ ತೋರಿದಂತಾಗಿ ಕೈ ನಿಂತುಬಿಟ್ಟಿತ್ತು.

ಬೇಲಿಯಾಚೆಯ ಮನೆಯ ಪದ್ದಕ್ಕ ಮೊದಲು ತಮಾಷೆ ಮಾಡಿದರು. "ಎಂತ ಹೆಣೆ ಜಲಜಾ, ಬಾವಿಯಂಗೆ ಚಿನ್ನ ಬಿದ್ದೀತಾ?"

ಅವರು ಇನ್ನೆರಡು ಸಲ ಕರೆದರು. ಆಮೇಲೆ ಅವರ ಧ್ವನಿ ಬದಲಾಯಿತು. "ಹ್ವಾಯ್ ಭಾಸ್ಕರಾ, ಓಡಿ ಬಾ, ಬಾವಿ ಹತ್ರ ಬಾ!" ಎಂದು ಕೂಗಿದರು. ನನ್ನ ಗಂಡ ಬಲೆ ಹೆಣೆಯುತ್ತಿದ್ದ ಶೆಡ್ಡಿನಿಂದ ಓಡಿಬಂದು ಹಿಂದಿನಿಂದ ನನ್ನನ್ನು ತಬ್ಬಿ ಹಿಡಿದರು. ಹಗ್ಗ ಕೈಯಿಂದ ಜಾರಿ ಕೊಡಪಾನ ಬಾವಿಯ ಪಾಲಾಯಿತು.

ಬಾವಿಗೆ ಹಾರುವ ಯೋಚನೆ ನನಗಿರಲಿಲ್ಲ. ಊರಿನಲ್ಲಿ ಬೇರೆ ರೀತಿಯ ಮಾತು ಈಗಲೂ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ನೀರನ್ನು ನೋಡುತ್ತಲೂ ಇರಲಿಲ್ಲ. ಏನನ್ನೂ ನೋಡುತ್ತಿರಲಿಲ್ಲ.

ಅದಕ್ಕೆ ಮೂರು ಮಳೆಗಾಲದ ಹಿಂದೆ ನನ್ನ ಅತ್ತೆಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಹೋದವು. ನಾಲಿಗೆ ದಪ್ಪವಾಯಿತು, ಆದರೆ ಮನೆಯವರಿಗೆ ಅವರ ಮಾತು ತಿಳಿಯುತ್ತಿತ್ತು. ಅಲ್ಲಿಯತನಕ ನಾವಿಬ್ಬರೂ ಒಟ್ಟಿಗೆ ಬಂದರಿಗೆ ಹೋಗಿ, ಏಲಂ ಕೂಗಿ ಮೀನು ಕೊಂಡು, ಬುಟ್ಟಿ ಹೊತ್ತು ಮಾರಿದವರು. ವ್ಯಾಪಾರ ಕಲಿಸಿದವರೇ ಅವರು. ಬುಟ್ಟಿ ಇಳಿಸುವ ಮೊದಲು ಗಿರಾಕಿಯ ಮುಖ ನೋಡಬೇಕು, ಇಳಿಸಿದ ಮೇಲೆ ಮೀನಿನ ಮುಖವನ್ನಷ್ಟೇ ನೋಡಬೇಕು ಎನ್ನುತ್ತಿದ್ದರು. ಅವರು ಮಲಗಿದ ಮೇಲೆ ನಾನು ಬುಟ್ಟಿ ಮಗುಚಿಟ್ಟೆ. ಮಗ ಮುಂಬೈಯ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ನಾವು ಮೂವರು.

ಅತ್ತೆಯನ್ನು ನೋಡಲು ನೆಂಟರು ಬರುತ್ತಿದ್ದರು. ಬ್ರೆಡ್ಡು, ಕಿತ್ತಳೆ ಹಣ್ಣು ತರುತ್ತಿದ್ದರು. ಮಂಚದ ಹತ್ತಿರ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಚಾ ಮಾಡುತ್ತಿದ್ದೆ. "ಪುಣ್ಯವಂತೆ ಮಾರಾಯ್ತಿ ನೀನ್, ಇಂಥ ಸೊಸಿ ಸಿಕ್ಕಿತಲ್ದಾ" ಎಂದು ಅತ್ತೆಗೆ ಹೇಳಿ ಹೋಗುತ್ತಿದ್ದರು. ಆ ಹೊಗಳಿಕೆ ನನಗೆ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಅದರ ಮೇಲೆಯೇ ಮುಂದಿನ ವಾರ ಕಳೆಯುತ್ತಿತ್ತು.

ಮಳೆಗಾಲದಲ್ಲಿ ನಮ್ಮ ಕಡೆ ಬೋಟುಗಳನ್ನು ದಡಕ್ಕೆ ಎಳೆದು ಮೇಲೆ ಹಾಕುತ್ತಾರೆ. ಸರಕಾರವೂ ಮೀನುಗಾರಿಕೆ ನಿಲ್ಲಿಸುತ್ತದೆ. ಗಂಡಸರು ಮನೆಯಲ್ಲಿರುತ್ತಾರೆ, ಬಲೆ ಸರಿಮಾಡುತ್ತಾರೆ, ಹೊತ್ತು ಹೊತ್ತಿಗೆ ಚಾ ಕೇಳುತ್ತಾರೆ. ಎಲ್ಲರೂ ಅದಕ್ಕೆ ರಜೆ ಎನ್ನುತ್ತಾರೆ. ನನಗೆ ಆ ತಿಂಗಳುಗಳಲ್ಲಿ ಒಂದೇ ಚಿಂತೆ, ಅತ್ತೆಯ ವಸ್ತ್ರ. ಹಳೆಯ ಹತ್ತಿ ಸೀರೆಗಳನ್ನು ಹರಿದು ಅವರ ಅಡಿಗೆ ಹಾಸುತ್ತಿದ್ದೆ. ಒದ್ದೆಯಾದಾಗ ಅವರನ್ನು ಒಂದು ಮಗ್ಗುಲಿಗೆ ಎತ್ತಿ, ಎಳೆದು, ಇನ್ನೊಂದು ಹಾಕುತ್ತಿದ್ದೆ. ಬೇಸಿಗೆಯಲ್ಲಿ ಹಿತ್ತಿಲ ಬೇಲಿಯ ಮೇಲೆ ಹಾಕಿದರೆ ಗಳಿಗೆಯಲ್ಲಿ ಒಣಗುತ್ತಿದ್ದವು. ಮಳೆಯಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಹೊಗೆ ಹಿಡಿಯುತ್ತದೆ, ತುದಿ ಸುಡುತ್ತದೆ, ನಡುವೆ ಒದ್ದೆಯೇ ಉಳಿಯುತ್ತದೆ. ಅರ್ಧ ಒಣಗಿದ್ದನ್ನು ಕೈಯಲ್ಲಿ ಹಿಡಿದು, ಹಾಸಲೋ ಬೇಡವೋ ಎಂದು ನಿಂತ ದಿನಗಳಿವೆ. ಒದ್ದೆ ಹಾಸಿದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

೨೦೦೫ರಲ್ಲಿ ಮಳೆ ಶುರುವಾದ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಮೀನು ಕೊಯ್ಯುವಾಗ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಅಳು ಬಂದಿರುತ್ತಿರಲಿಲ್ಲ. ಗಂಗೊಳ್ಳಿಯಲ್ಲಿ ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಕುಂದಾಪುರದಲ್ಲಿ ಇ.ಸಿ.ಜಿ. ಮಾಡಿ ಹೃದಯ ಚೆನ್ನಾಗಿದೆ ಎಂದರು. "ಹೃದಯಕ್ ಎಂತ ಆಯ್ಲಿಲ್ಲೆ ಅಂಬ್ರ್, ಖುಷಿ ಪಡ್" ಎಂದು ಗಂಡ ಹೇಳಿದರು. ನನಗೆ ಖುಷಿಯಾಗಲಿಲ್ಲ. ಏನಾದರೂ ಇದೆ ಎಂದಿದ್ದರೆ ಮಲಗಲು ಒಂದು ಕಾರಣವಾದರೂ ಸಿಗುತ್ತಿತ್ತು ಎಂದುಕೊಂಡೆ.

ಬಾವಿಯ ಘಟನೆಯಾದ ಮೇಲೆ, ಬ್ರಹ್ಮಾವರಕ್ಕೆ ವಾರಕ್ಕೊಮ್ಮೆ ಬರುತ್ತಿದ್ದ ಮನಸ್ಸಿನ ಡಾಕ್ಟರ ಹತ್ತಿರ ನನ್ನನ್ನು ಕರೆದುಕೊಂಡು ಹೋದರು. ಅತ್ತೆಯನ್ನು ಪದ್ದಕ್ಕ ನೋಡಿಕೊಂಡರು. ಎಲ್ಲಿಗೆ ಎಂದು ಕೇಳಿದವರಿಗೆ ಕಣ್ಣು ತೋರಿಸಲು ಎಂದು ಹೇಳಿದೆವು.

ಆ ಡಾಕ್ಟರ ಕೋಣೆಯ ಹೊರಗೆ ಉದ್ದದ ಬೆಂಚುಗಳಿದ್ದವು. ನಾನು ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಚೀಲದಲ್ಲಿ ನೀರಿನ ಬಾಟಲಿ, ಟವೆಲು, ಬಿಸ್ಕತ್ತಿನ ಪೊಟ್ಟಣ. ಅತ್ತೆಯನ್ನು ಕರೆದುಕೊಂಡು ಹೋಗುವಾಗ ಒಯ್ಯುವುದನ್ನೆಲ್ಲ ಹಾಗೆಯೇ ತುಂಬಿಕೊಂಡು ಬಂದಿದ್ದೆ. ಬಾಗಿಲಲ್ಲಿ ನಿಂತ ಹುಡುಗಿ ಚೀಟಿ ನೋಡಿ ಕರೆದಳು. "ಜಲಜಾ... ಜಲಜಾ ಯಾರು?"

ನಾನು ಆಚೀಚೆ ನೋಡಿದೆ. ಯಾರೂ ಏಳಲಿಲ್ಲ.

"ಅವ್ರ್ ಬರ್ಲಿಲ್ಲೆ" ಎಂದೆ.

"ನೀವು ಅವರ ಕಡೆಯವರಾ?"

"ಹೌದ್" ಎಂದೆ.

ಗಂಡ ಹೊರಗೆ ಬೀಡಿ ಸೇದಿ ಆಗಷ್ಟೇ ಒಳಗೆ ಬಂದಿದ್ದರು. "ನೀನೇ ಅಲ್ದನೇ ಜಲಜ! ಹೆಸ್ರೂ ಮರ್ತ್ ಹೋಯ್ತಾ?" ಎಂದರು. ಬೆಂಚಿನ ಮೇಲಿದ್ದವರು ನಕ್ಕರು. ನನಗೂ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಅದು ನಿಲ್ಲಲೇ ಇಲ್ಲ. ಡಾಕ್ಟರ ಎದುರು ಕುಳಿತಾಗ ಅಳುವಾಗಿತ್ತು.

ಡಾಕ್ಟರು ಅವಸರ ಮಾಡಲಿಲ್ಲ. ಮೇಜಿನ ಮೇಲಿದ್ದ ಪೇಪರನ್ನು ಮಡಚಿ ಬದಿಗಿಟ್ಟು, ನಾನು ಅತ್ತು ಮುಗಿಸುವ ತನಕ ಕಾದರು. ಆಮೇಲೆ ಕೇಳಿದರು, "ನಿಮಗೆ ರಜೆ ಯಾವಾಗ?"

ನಾನು ಉತ್ತರ ಹುಡುಕುತ್ತಿದ್ದಾಗ ಗಂಡ ಹೇಳಿದರು, "ಈಗ ರಜೆಯೇ ಸಾರ್. ಬೋಟ್ ಎಲ್ಲ ಮೇಲೆ ಹಾಕಿ ಆಯ್ತ್."

ಅವರು ಅದನ್ನು ನಿಜವೆಂದು ನಂಬಿಯೇ ಹೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಯಾಕೆಂದರೆ ಅದೇ ಗಳಿಗೆಯ ತನಕ ನಾನೂ ಹಾಗೆಯೇ ನಂಬಿದ್ದೆ. ಮಳೆಗಾಲ ಎಂದರೆ ರಜೆ. ರಜೆಯಲ್ಲೂ ನನಗೆ ಸುಸ್ತಾಗುತ್ತದೆ ಎಂದರೆ ನನ್ನ ಮೈಯೇ ಸೋಮಾರಿ ಎಂದುಕೊಂಡಿದ್ದೆ. ಡಾಕ್ಟರು ಗಂಡನನ್ನು ನೋಡಿ, "ಬೋಟು ಮೇಲೆ ಹಾಕಿದ್ದು ಸರಿ. ಇವರನ್ನು ಯಾವಾಗ ಮೇಲೆ ಹಾಕ್ತೀರಿ?" ಎಂದು ಕೇಳಿದರು. ಗಂಡ ನಗಲು ಹೊರಟು ನಿಲ್ಲಿಸಿದರು.

ಮಾತ್ರೆ ಕೊಟ್ಟರು. ಮಾತ್ರೆ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧಕ್ಕೆ ಮನೆಯಿಂದ ಒಂದು ತಿಂಗಳಾದರೂ ದೂರ ಇರಬೇಕು ಎಂದರು. ಬಸ್ಸಿನಲ್ಲಿ ಬರುವಾಗ, ಹೆಮ್ಮಾಡಿ ದಾಟಿದ ಮೇಲೆ ಗಂಡ, "ತಿಂಗ್ಳ್ ಅಂದ್ರೆ ಹ್ಯಾಂಗೆ? ಅಬ್ಬಿನ್ ಯಾರ್ ಕಾಂಬುದ್?" ಎಂದು ತಾಯಿಯ ಚಿಂತೆ ಮಾಡಿದರು. ನನ್ನ ತಲೆಯಲ್ಲೂ ಅದೇ ಪ್ರಶ್ನೆಯಿತ್ತು. ಆದ್ದರಿಂದ, "ಮಾತ್ರೆ ಸಾಕ್, ಬಿಡಿ" ಎಂದೆ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಬಿಡದವರು ನನ್ನ ಅತ್ತಿಗೆ ಗುಲಾಬಿ. ಬೈಂದೂರಿನ ಹತ್ತಿರ ಉಪ್ಪುಂದದಲ್ಲಿ ನನ್ನ ತವರು. ಅಪ್ಪ ಅಮ್ಮ ಆಗಲೇ ಇರಲಿಲ್ಲ. ಅಣ್ಣ, ಅತ್ತಿಗೆ ಇದ್ದರು. ಪದ್ದಕ್ಕ ಯಾರ ಮೂಲಕವೋ ಅವರಿಗೆ ಸುದ್ದಿ ಮುಟ್ಟಿಸಿದ್ದರು. ಆಸಾಡಿ ತಿಂಗಳು ಹುಟ್ಟಿದ ಮರುದಿನ ಅತ್ತಿಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ, ಒಂದು ಹೊಸ ಸೀರೆ.

ನಮ್ಮ ಕಡೆ ಹೊಸದಾಗಿ ಮದುವೆಯಾದ ಹುಡುಗಿ ಮೊದಲ ಆಸಾಡಿಯಲ್ಲಿ ತವರಿಗೆ ಹೋಗಿ ತಿಂಗಳಿಡೀ ಕೂರಬೇಕು. ತವರಿನವರು ಬಂದು ಕೇಳುತ್ತಾರೆ. ಗಂಡನ ಮನೆಯವರು ಇಲ್ಲ ಎನ್ನುವಂತಿಲ್ಲ. ಆಸಾಡಿ ಕಳೆದು ಸೋಣ ತಿಂಗಳು ಬಂದ ಮೇಲೆ ಗಂಡ ಹೋಗಿ ಕರೆತರಬೇಕು.

ಅತ್ತಿಗೆ ಜಗಲಿಯಲ್ಲಿ ಕುಳಿತು ಹೇಳಿದರು, "ಭಾವ, ನಾನ್ ಜಲಜನ್ ಕರ್ಕಂಡ್ ಹೋಪುಕ್ ಬಂದದ್. ಆಸಾಡಿ ಕೂರ್ಸುಕೆ."

ಗಂಡ ನಕ್ಕರು. "ಎಂತ ಗುಲಾಬಕ್ಕ, ಆಸಾಡಿ ಹೊಸ ಹೆಣ್ಣಿಗಲ್ದಾ? ಇದ್ರ ತಲಿಯಂಗೆ ಬಿಳಿ ಕೂದ್ಲ್ ಬಂತ್."

"ಕೂದ್ಲ್ ಬಿಳಿ ಆಯ್ಲಿ, ಕಪ್ಪ್ ಆಯ್ಲಿ. ಮದಿ ಆದ್ ವರ್ಷ ಇದ್ ಆಸಾಡಿಗ್ ಬಂದಿತಾ? ನೆನ್ಪ್ ಮಾಡ್ಕಣಿ."

ಗಂಡ ನೆನಪು ಮಾಡಿಕೊಂಡರು. ಆ ವರ್ಷ ನನ್ನ ಮಾವ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳಲು ಒಬ್ಬರು ಬೇಕು ಎಂದು ನನ್ನನ್ನು ಕಳಿಸಿರಲಿಲ್ಲ.

"ಬಪ್ಪ ವರ್ಷ ಕಾಂಬ ಗುಲಾಬಕ್ಕ" ಎಂದು ಮುಂದಿನ ವರ್ಷಕ್ಕೆ ತಳ್ಳಿದರು.

"ಬಪ್ಪ ವರ್ಷಕ್ಕೆ ಇದ್ ಇರ್ಕಲ್ದಾ?"

ಅತ್ತಿಗೆ ನನ್ನ ಕಡೆ ಕೈ ತೋರಿಸಿ ಕೇಳಿದರು. ಒಳಗಿನಿಂದ ಅತ್ತೆ ಮಂಚದ ಕಾಲಿಗೆ ಎಡಗೈಯಿಂದ ಬಡಿದರು. ಅದು ಅವರು ಕರೆಯುವ ರೀತಿ. ಮೂವರೂ ಒಳಗೆ ಹೋದೆವು. ಅವರಿಗೆ ಎಲ್ಲ ಕೇಳಿಸಿತ್ತು. ಬಗ್ಗು ಎಂದು ನನಗೆ ಕಣ್ಣಿನಲ್ಲಿ ಹೇಳಿದರು. ಬಗ್ಗಿದೆ. ಎಡಗೈಯಿಂದ ತಮ್ಮ ಸತ್ತ ಬಲಗೈಯನ್ನು ಎತ್ತಿ, ತಂದು, ನನ್ನ ತಲೆಯ ಮೇಲೆ ಇಟ್ಟರು. ಎಡಗೈಯಲ್ಲಿ ಆಶೀರ್ವಾದ ಮಾಡಬಾರದಲ್ಲ, ಅದಕ್ಕೆ. ಆ ಕೈ ತಣ್ಣಗಿತ್ತು, ಭಾರವಾಗಿತ್ತು. "ಹೋಯ್ ಬಾ" ಎಂದರು.

ನಾನು ಹೊರಟೆ. ವಿಶ್ರಾಂತಿಗೆ ಹೋಗು ಎಂದಿದ್ದರೆ ಹೋಗುತ್ತಿರಲಿಲ್ಲ. ಹುಚ್ಚಿಗೆ ಮಾತ್ರೆ ತಿನ್ನುವವಳು ತವರಿಗೆ ಹೋದಳು ಎಂಬ ಮಾತಿಗೆ ಹೆದರುತ್ತಿದ್ದೆ. ಆಸಾಡಿ ಎಂದದ್ದರಿಂದ ಕಾಲು ಎದ್ದಿತು.

ಉಪ್ಪುಂದದಲ್ಲಿ ಮೊದಲ ವಾರವಿಡೀ ನಿದ್ದೆ ಮಾಡಿದೆ. ಊಟಕ್ಕೆ ಎಬ್ಬಿಸುತ್ತಿದ್ದರು, ಉಂಡು ಮತ್ತೆ ಮಲಗುತ್ತಿದ್ದೆ. ನನ್ನ ತಟ್ಟೆಯನ್ನು ನಾನು ತೊಳೆಯಲು ಹೋದರೆ ಅತ್ತಿಗೆ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. "ಮದುಮಗ್ಳ್ ಪಾತ್ರೆ ಮುಟ್ಟುಕಾಗ" ಎನ್ನುತ್ತಿದ್ದರು. ಅಕ್ಕಪಕ್ಕದ ಹೆಂಗಸರು ನೋಡಲು ಬಂದು, "ಮದಿಮಾಯ ಹ್ಯಾಂಗಿದ್ದ? ಕಣ್ಣಿಗ್ ಚಂದ ಇದ್ನಾ?" ಎಂದು ನನ್ನ ಗಂಡನ ಬಗ್ಗೆ ಕೇಳಿ ನಗುತ್ತಿದ್ದರು. ಮೊದಲು ನಾಚಿಕೆಯಾಯಿತು. ಆಮೇಲೆ ನಾನೂ, "ಹಲ್ಲ್ ಸ್ವಲ್ಪ ಉದ್ರೀತ್, ಬಾಕಿ ಅಡ್ಡಿಲ್ಲೆ" ಎಂದು ಹೇಳತೊಡಗಿದೆ. ಒಂದು ಮಧ್ಯಾಹ್ನ ಬಂಗುಡೆ ಸಾರಿನಲ್ಲಿ ಹುಳಿ ಹೆಚ್ಚಾಗಿದೆ ಎಂದು ನಾಲಿಗೆಗೆ ಗೊತ್ತಾಯಿತು. ಮಳೆ ಹಿಡಿದ ಮೇಲೆ ನನಗೆ ಗೊತ್ತಾದ ಮೊದಲ ರುಚಿ ಅದು. ಅತ್ತಿಗೆಗೆ ಹೇಳಿದೆ. ಅವರು ಬೈಸಿಕೊಂಡದ್ದಕ್ಕೆ ಅಷ್ಟು ಖುಷಿಪಟ್ಟದ್ದನ್ನು ನಾನು ಮತ್ತೆ ನೋಡಿಲ್ಲ.

ಇದನ್ನು ಓದುವವರಲ್ಲಿ ನನ್ನಂಥವರಿದ್ದರೆ ಅವರಿಗೊಂದು ಮಾತು. ಗುಣವಾಗುವುದು ಹಾಗೆಯೇ, ಸಾರಿನ ಹುಳಿಯ ಹಾಗೆ, ಒಂದು ಚೂರು ಬರುತ್ತದೆ. ನಾನು ಅದಕ್ಕಿಂತ ದೊಡ್ಡದನ್ನು ಕಾಯುತ್ತಿದ್ದೆ.

ಗಂಗೊಳ್ಳಿಯಲ್ಲಿ ಗಂಡ ಅತ್ತೆಗೆ ಗಂಜಿ ಉಣಿಸುತ್ತಿದ್ದರು. ಎತ್ತಲು, ವಸ್ತ್ರ ಬದಲಿಸಲು ಪದ್ದಕ್ಕ ಬರುತ್ತಿದ್ದರು. ಅಣ್ಣನ ಮನೆಯ ಪಕ್ಕದ ಅಂಗಡಿಯ ಫೋನಿಗೆ ಕರೆ ಮಾಡಿ ಗಂಡ, "ಅಬ್ಬಿ ಲಾಯ್ಕ್ ಇದ್ದ್. ವಸ್ತ್ರ ಒದ್ದಿ ಆಪುದೇ ಕಮ್ಮಿ. ನೀನ್ ಸುಮ್ನೆ ಹೆದ್ರ್ತಿದ್ದೆ" ಎಂದರು. ಅದು ಒಳ್ಳೆಯ ಸುದ್ದಿ ಎಂದು ಅವರೂ ತಿಳಿದರು, ನಾನೂ ತಿಳಿದೆ.

ಆಸಾಡಿ ಮುಗಿಯಲು ಇನ್ನೂ ವಾರದ ಮೇಲಿತ್ತು. ಬೆಳಿಗ್ಗೆ ಫೋನು ಬಂತು. ಅತ್ತೆಗೆ ಜ್ವರ, ನಡುಕ, ಕುಂದಾಪುರದ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು. ನಾನೂ ಅತ್ತಿಗೆಯೂ ಸಿಕ್ಕಿದ ಬಸ್ಸು ಹತ್ತಿದೆವು.

ವಾರ್ಡಿನ ಹೊರಗೆ ಡಾಕ್ಟರು ಗಂಡನಿಗೆ ಹೇಳುತ್ತಿದ್ದುದನ್ನು ನಾನು ಕಂಬದ ಹತ್ತಿರ ನಿಂತು ಕೇಳಿದೆ. ಮೂತ್ರದಲ್ಲಿ ಸೋಂಕು ಏರಿದೆ, ಕಿಡ್ನಿ ಸೋತಿದೆ ಎಂದರು. "ನೀರೇ ಕುಡಿದಿಲ್ಲ ಇವರು. ಇದು ಈ ವಾರದ್ದಲ್ಲ, ಬಹಳ ದಿನದ್ದು" ಎಂದರು. ಕೊಡುತ್ತಿದ್ದೆ, ಅಬ್ಬಿ ಬೇಡ ಎನ್ನುತ್ತಿತ್ತು ಎಂದು ಗಂಡ ಹೇಳಿದರು. ನನ್ನ ಕಡೆ ನೋಡಿದರು. ನಾನು ಕೊಡುವಾಗಲೂ ಬೇಡ ಎನ್ನುತ್ತಿದ್ದರು. ಮಳೆಗಾಲ, ಚಳಿ, ಬಾಯಾರಿಕೆ ಇರುವುದಿಲ್ಲ ಎಂದು ನಾನು ಲೋಟವನ್ನು ಒಳಗೆ ಒಯ್ಯುತ್ತಿದ್ದೆ. ಒಂದು ವಸ್ತ್ರ ಉಳಿಯಿತು ಎಂದು ಒಳಗೊಳಗೆ ಹಗುರಾಗುತ್ತಿದ್ದೆ.

ಪದ್ದಕ್ಕ ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಾನು ಹತ್ತಿರ ಹೋದಾಗ ಹೇಳಿದರು, "ಬಾಯಿ ಬಿಡ್ಬೇಡ ಅಂದಿತ್ ಹೆಣೆ ನಿನ್ನ ಅತ್ತಿ. ಮಳಿ ಹಿಡ್ದದ್ದೇ ನೀರ್ ಕುಡುದ್ ಬಿಟ್ಟಿತ್. 'ವಸ್ತ್ರ ಒಣ್ಗುದಿಲ್ಲೆ ಪದ್ದ, ಆ ಹೆಣ್ಣಿಗ್ ಎಷ್ಟ್ ಸಲ ಎತ್ತುಕ್ ಹೇಳುದ್' ಅಂದಿತ್. ನೀ ಆಸಾಡಿಗ್ ಹೋದ್ ಮೇಲಾದ್ರೂ ಕುಡಿತ್ ಅಂದ್ಕಂಡೆ. ಅಭ್ಯಾಸ ಆಯ್ ಹೋಯಿತ್ತ್ ಅದಕ್ಕೆ."

ನಾನು ಸುಸ್ತನ್ನು ಅವರಿಂದ ಮುಚ್ಚಿಟ್ಟಿದ್ದೆ. ಅವರು ಬಾಯಾರಿಕೆಯನ್ನು ನನ್ನಿಂದ ಮುಚ್ಚಿಟ್ಟರು. ಒಂದೇ ಕೋಣೆಯಲ್ಲಿದ್ದೆವು. ವ್ಯಾಪಾರದಲ್ಲಿ ಒಬ್ಬರ ಕಣ್ಣನ್ನು ಇನ್ನೊಬ್ಬರು ಓದುತ್ತಿದ್ದ ನಾವು, ಮೂರು ವರ್ಷ ದಿನಕ್ಕೆ ಎಷ್ಟೋ ಸಲ ಮೈಗೆ ಮೈ ತಾಗಿಸಿ ಎತ್ತಿ ಮಲಗಿಸುತ್ತಿದ್ದ ನಾವು, ಒಂದು ಮಾತು ಕೇಳಿಕೊಳ್ಳಲಿಲ್ಲ. ನನ್ನ ಕಾಯಿಲೆಗೆ ಡಾಕ್ಟರು ಒಂದು ಹೆಸರು ಹೇಳಿದ್ದರು. ಅತ್ತೆಯದಕ್ಕೆ ಹೇಳಿದ ಹೆಸರು ಬೇರೆ. ನನಗೆ ಅವೆರಡೂ ಒಂದೇ ಕಾಯಿಲೆ ಎಂದು ಈಗಲೂ ಅನ್ನಿಸುತ್ತದೆ.

ಅತ್ತೆ ಆಮೇಲೆ ಹೆಚ್ಚು ದಿನ ಇರಲಿಲ್ಲ. ಆಸಾಡಿಯ ಒಳಗೇ ಹೋದರು. ಹೆಣ ಮನೆಗೆ ತಂದ ದಿನ ಅಂಗಳದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನಗೆ ಕೇಳಿಸಿತು. "ಸೊಸಿ ಮುದ್ಕಿ ಆದ್ ಮೇಲೆ ಆಸಾಡಿ ಕೂಕಂಡ್ಳ್. ಅತ್ತಿ ನೀರಿಲ್ದೆ ಸತ್ತಿತ್." ನೋಡಲು ಬಂದು ಹೊಗಳುತ್ತಿದ್ದವರೇ ಅವರು. ಆ ಮಾತು ಇಂದಿಗೂ ಊರಿನಲ್ಲಿ ತಿರುಗುತ್ತಿದೆ. ಮೊನ್ನೆ ಒಂದು ಮದುವೆಯಲ್ಲಿ, ಆಗ ಹುಟ್ಟಿಯೂ ಇರದ ಹುಡುಗಿಯೊಬ್ಬಳು ನನ್ನನ್ನು ತೋರಿಸಿ ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು.

ಮಾತ್ರೆಯನ್ನು ಎರಡು ವರ್ಷ ತಿಂದೆ. ಈಗ ಇಲ್ಲ. ಎದೆ ಹೊಡೆದುಕೊಳ್ಳುವುದು ವರ್ಷಕ್ಕೊಮ್ಮೆ, ಬೋಟು ಮೇಲೆ ಹಾಕುವ ಹೊತ್ತಿಗೆ ಬರುತ್ತದೆ. ಬಂದರೆ ಗಂಡನಿಗೆ ಹೇಳುತ್ತೇನೆ. ಅವರು ಅಡುಗೆ ಮಾಡುತ್ತಾರೆ, ಉಪ್ಪು ಯಾವಾಗಲೂ ಹೆಚ್ಚು. ನಾನು ಉಣ್ಣುತ್ತೇನೆ. ಅತ್ತೆ ಇದ್ದಾಗ ಹೀಗೆ ಹೇಳಿದ್ದರೆ ಎಂಬುದನ್ನು ನಾವಿಬ್ಬರೂ ಮಾತಾಡುವುದಿಲ್ಲ.

ಆಸ್ಪತ್ರೆಯಲ್ಲಿ ಆ ದಿನ ನಾನು ವಾರ್ಡಿನ ಒಳಗೆ ಹೋದಾಗ ನಡೆದದ್ದನ್ನು ಬರೆದು ಮುಗಿಸುತ್ತೇನೆ. ಅತ್ತೆಯ ಕೈಗೆ ಗ್ಲೂಕೋಸ್ ಹಾಕಿದ್ದರು. ಕಣ್ಣು ಮುಚ್ಚಿತ್ತು. ನಾನು ಮಂಚದ ಹತ್ತಿರ ಕುಳಿತು ಚಮಚದಲ್ಲಿ ನೀರು ಬಾಯಿಗೆ ಹಿಡಿದೆ. ತುಟಿ ತೆರೆದು ಕುಡಿದರು. ಇನ್ನೊಂದು ಚಮಚ ಕುಡಿದರು. ಆಮೇಲೆ ಕಣ್ಣು ಬಿಟ್ಟು, ಯಾರು ಕೊಡುತ್ತಿರುವುದು ಎಂದು ನೋಡಿದರು. ಮುಖ ಗಂಟಿಕ್ಕಿತು. ಬುಟ್ಟಿ ಹೊತ್ತು ತಡವಾಗಿ ಬಂದಾಗ ಬೈಯುತ್ತಿದ್ದರಲ್ಲ, ಅದೇ ಮುಖ. ದಪ್ಪ ನಾಲಿಗೆಯಲ್ಲಿ, ನಿಧಾನ, ಆದರೆ ಎಲ್ಲರಿಗೂ ತಿಳಿಯುವ ಹಾಗೆ ಕೇಳಿದರು:

"ನೀ ಎಂತಕ್ ಬಂದದ್? ಆಸಾಡಿ ಮುಗ್ದಿಲ್ಲೆ ಅಲ್ದಾ?"

ಅವರು ನನಗೆ ಹೇಳಿದ ಕೊನೆಯ ಮಾತು ಅದು.

ಪದ್ದಕ್ಕ ಆಗ ಬಾಗಿಲಲ್ಲಿದ್ದರು, ಈಗ ಅವರಿಲ್ಲ. ಮಂಚದ ಕಾಲಬುಡದಲ್ಲಿ ನಿಂತಿದ್ದವರು ನನ್ನ ಗಂಡ ಭಾಸ್ಕರ. ಈಗ ಸಮುದ್ರಕ್ಕೆ ಹೋಗುವುದಿಲ್ಲ, ಗಂಗೊಳ್ಳಿಯ ಮನೆಯಲ್ಲೇ ಇದ್ದಾರೆ. ನನ್ನ ಹಿಂದೆ ನಿಂತಿದ್ದವರು ಅತ್ತಿಗೆ ಗುಲಾಬಿ. ಉಪ್ಪುಂದದಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ, ನೆನಪು ಗಟ್ಟಿ. ಪಕ್ಕದ ಮಂಚದ ಹತ್ತಿರ ತಮ್ಮ ತಾಯಿಯ ಆರೈಕೆಗೆ ಕುಳಿತಿದ್ದವರು ಸಾಸ್ತಾನದ ಗಿರಿಜಕ್ಕ. ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ನಾನು ಕೇಳುವ ಮೊದಲೇ ಅತ್ತೆಯ ಆ ಮಾತನ್ನು ಹಾಗೆಯೇ ಹೇಳಿದರು. ಈ ಮೂವರೂ ಇದ್ದಾರೆ. ಸಂಶಯವಿದ್ದವರು ಅವರನ್ನು ಕೇಳಬಹುದು.